ಕೆರೆ ಉಗುಳಿದವರು

ನಮ್ಮೂರಿನ ಕೆರೆ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಒಬ್ಬರು ನೀರಿನಲ್ಲಿರುವಾಗ ಇನ್ನೊಬ್ಬರು ಮೊಣಕಾಲು ಮುಳುಗುವಷ್ಟು ಇಳಿದರೆ ಸಾಕು, ಇಬ್ಬರನ್ನೂ ಎತ್ತಿ ತಂದು ಮೆಟ್ಟಿಲ ಮೇಲೆ ಕೂರಿಸಿಬಿಡುತ್ತದೆ. ಎಷ್ಟೇ ಆಳದಲ್ಲಿದ್ದರೂ ಅಷ್ಟೇ. ಕಿವಿಗೆ ನೋವಿಲ್ಲ, ಎದೆಗೆ ಪೆಟ್ಟಿಲ್ಲ. ಮೀನು, ಆಮೆ, ಕಪ್ಪೆಗಳನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಮ್ಮೆಯನ್ನು ಹಿಡಿಯುತ್ತದೆ. ಮರುಳಯ್ಯನ ಎಮ್ಮೆ ಮೈ ತಂಪು ಮಾಡಿಕೊಳ್ಳುತ್ತಿದ್ದಾಗ ಪುರೋಹಿತರು ಸ್ನಾನಕ್ಕಿಳಿದು, ಆಮೇಲೆ ಅದೂ ಅವರೂ ಅಕ್ಕಪಕ್ಕ ಮೆಟ್ಟಿಲ ಮೇಲೆ ಕೂತಿದ್ದನ್ನು ಕಣ್ಣಾರೆ ನೋಡಿದವರು ಈಗಲೂ ಇದ್ದಾರೆ.

ಬೇರೆ ಯಾವ ಊರಾಗಿದ್ದರೂ ಇಂಥ ಕೆರೆಗೆ ದಿನಾ ಕೈ ಮುಗಿಯುತ್ತಿತ್ತು. ಮುಳುಗುತ್ತಿರುವವನನ್ನು ಉಳಿಸಲು ಈಜು ಬೇಡ, ಹಗ್ಗ ಬೇಡ, ದೋಣಿ ಬೇಡ. ಸೀರೆಯನ್ನೋ ಪಂಚೆಯನ್ನೋ ಸ್ವಲ್ಪ ಎತ್ತಿಕೊಂಡು ಎರಡು ಮೆಟ್ಟಿಲು ಇಳಿದರೆ ಮುಗಿಯಿತು. ಆದರೆ ನಮ್ಮೂರಿನ ಬುದ್ಧಿಯೇ ಬೇರೆ. ಕೆರೆ ವಾಪಸು ಕೂರಿಸಿದವನನ್ನು ಇಲ್ಲಿ ಕೆರೆ ಉಗುಳಿದವನು ಎನ್ನುತ್ತಾರೆ. ಅವನಿಗೆ ಹೆಣ್ಣು ಕೊಡುವುದಿಲ್ಲ, ಅವನ ಮನೆಯ ಹೆಣ್ಣು ತರುವುದಿಲ್ಲ, ಪಂಕ್ತಿಯ ತುದಿಯಲ್ಲಿ ಎಲೆ ಹಾಕುತ್ತಾರೆ. ಹಾಗಾಗಿ ಯಾರೂ ಯಾರಿಗಾಗಿಯೂ ನೀರಿಗಿಳಿಯುವುದಿಲ್ಲ. ಮಾನ ಉಳಿಯಬೇಕು, ಮನುಷ್ಯ ಹೋದರೂ ಚಿಂತೆಯಿಲ್ಲ ಎಂದು ತೀರ್ಮಾನಿಸಿದ ಮಹಾನುಭಾವರು ಇವರು.

ಇಳಿಯದೆ ಸುಮ್ಮನಿರುತ್ತಾರೆಯೇ ಎಂದರೆ ಅದೂ ಇಲ್ಲ. ಕೆರೆಯ ತಳದಲ್ಲಿ ಕೆಳಪೇಟೆ ಇದೆ. ಮೇಲೆ ಇರುವ ಪ್ರತಿ ಮನೆತನಕ್ಕೂ ಅಲ್ಲಿ ಒಂದು ಹಳೆಯ ಮನೆ, ಅದರ ನಡುಮನೆಯ ಗೂಡಿನಲ್ಲಿ ಒಂದು ಹಿತ್ತಾಳೆಯ ಸೇರು. ಮದುವೆಯಾದ ಹುಡುಗಿ ಗಂಡನ ಮನೆಯ ಹೊಸಿಲಲ್ಲಿ ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬರುತ್ತಾಳಲ್ಲ, ಆ ಸೇರು ಕೆಳಪೇಟೆಯದೇ ಆಗಿರಬೇಕು. ಗಂಡು ಮದುವೆಯ ಹಿಂದಿನ ದಿನ ಒಬ್ಬನೇ ಇಳಿದು ಅದನ್ನು ತರಬೇಕು. ಶಾಸ್ತ್ರ ಮುಗಿದ ಮೇಲೆ ಮೆಟ್ಟಿಲ ಮೇಲಿಟ್ಟರೆ ಬೆಳಗಾಗುವಷ್ಟರಲ್ಲಿ ಕೆರೆಯೇ ಒಯ್ದು ಅದರ ಗೂಡಿನಲ್ಲಿ ಇಟ್ಟಿರುತ್ತದೆ. ಇಷ್ಟು ಚೆನ್ನಾಗಿ ಒಯ್ದಿಡುವ ಕೆರೆ ತಂದೂ ಕೊಡಬಾರದೇ ಎಂದು ನಾನು ಒಮ್ಮೆ ಕೇಳಿದೆ. ಹೊರಗಿನಿಂದ ಬಂದವಳು, ಗೊತ್ತಾಗುವುದಿಲ್ಲ ಎಂದರು.

ನಾನು ವನಜಾಕ್ಷಿ. ಸಮುದ್ರದ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು. ನನ್ನಪ್ಪ ಹಡಗಿನ ತಳ ಕೆರೆದು ಚೊಕ್ಕ ಮಾಡುವ ಮುಳುಗುಗಾರ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವುದನ್ನು ನನಗೂ ಕಲಿಸಿದ್ದ. ಅಲ್ಲಿ ಜೊತೆಗಾರರಿಲ್ಲದೆ ನೀರಿಗಿಳಿದವನಿಗೆ ಬೈಗುಳವೇ ಊಟ. ಇಲ್ಲಿಗೆ ಬಂದ ವರ್ಷವೇ ನನ್ನ ಮೈದುನ ಶಿವನಂಜ ಸೇರು ತರಲು ಇಳಿದ. ಗುಳ್ಳೆ ನಿಂತುಹೋಯಿತು. ಊರೆಲ್ಲ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿತ್ತು, ನನ್ನ ಗಂಡನೂ ನಿಂತಿದ್ದ. ಕೆರೆಯ ನಿಯಮ ನನಗಾಗ ಗೊತ್ತಿರಲಿಲ್ಲ. ಮೂರನೇ ದಿನದ ಕಾರ್ಯ ಮುಗಿದ ಮೇಲೆ ಅತ್ತೆ ಎಲೆಯಡಿಕೆ ಮಡಿಸುತ್ತ ಮಾತಿನ ನಡುವೆ ಹೇಳಿದರು, ಯಾರಾದರೂ ಕಾಲಿಟ್ಟಿದ್ದರೆ ಬದುಕುತ್ತಿದ್ದ ಎಂದು. ಮತ್ತೆ ಯಾಕೆ ಇಡಲಿಲ್ಲ ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಆ ಉರಿ ಇವತ್ತಿಗೂ ಆರಿಲ್ಲ, ಆರುವುದೂ ಬೇಡ.

ಉಳಿಸಲು ನೀರಿಗೆ ಕಾಲಿಡುವ ಜನ ಇಲ್ಲ ಎಂದ ಮೇಲೆ ಇಳಿಯುವವನೇ ತನಗೆ ತಾನು ಜೊತೆಗಾರನಾಗಬೇಕು. ಅದನ್ನು ಕಲಿಸಲು ಶುರುಮಾಡಿದೆ. ಹಳೆಯ ರೈಸ್ ಮಿಲ್ಲಿನ ಹಿಂದೆ ಭತ್ತ ನೆನೆಸುವ ತೊಟ್ಟಿ ಇದೆ, ಅಲ್ಲಿ ಕೆರೆಯ ನಿಯಮ ನಡೆಯುವುದಿಲ್ಲ. ಹುಡುಗರನ್ನು ಅದರಲ್ಲಿ ಮುಳುಗಿಸಿ ಕೂರಿಸುತ್ತೇನೆ. ಕಣ್ಣಿನ ಮಾಸ್ಕ್ ಕಿತ್ತುಕೊಂಡು ನೀರೊಳಗೇ ಮತ್ತೆ ಹಾಕಿಕೊಳ್ಳಬೇಕು. ಬಾಯಿಯ ಕೊಳವೆ ಕಿತ್ತು ಬಿಸಾಡುತ್ತೇನೆ, ಕಣ್ಣುಮುಚ್ಚಿ ಎದೆಯ ಮೇಲಿನ ಮರಿ ಸಿಲಿಂಡರಿನ ಕೊಳವೆ ಹುಡುಕಿ ಉಸಿರು ತೆಗೆದುಕೊಳ್ಳಬೇಕು. ಮಾಸ್ಕ್ ಎರಡು, ಚಾಕು ಎರಡು, ಗಾಳಿ ಎರಡು ಕಡೆ. ಬಾಗಿಲಿಗೆ ದಾರ ಕಟ್ಟದೆ ಯಾವ ಮನೆಯೊಳಗೂ ಹೋಗುವಂತಿಲ್ಲ. ಶಾಂತವಾಗಿದ್ದಾಗ ತಾನು ಎಷ್ಟು ಗಾಳಿ ಕುಡಿಯುತ್ತೇನೆ, ಹೆದರಿದಾಗ ಎಷ್ಟು ಕುಡಿಯುತ್ತೇನೆ ಎಂಬುದು ಅವನಿಗೆ ತನ್ನ ಹಸಿವಿನಷ್ಟೇ ಗೊತ್ತಿರಬೇಕು. ಇದ್ದ ಗಾಳಿಯಲ್ಲಿ ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದ ಪಾಲು ಕೆಟ್ಟ ಗಳಿಗೆಗೆ. ಮೊದಲ ಪಾಲು ಮುಗಿದ ಕಡೆಯೇ ಹಿಂತಿರುಗಬೇಕು, ಸೇರು ಕೈಗೆಟುಕುವಂತಿದ್ದರೂ.

ಇವೆಲ್ಲ ಕಲಿತ ಮೇಲೆ ಕಡೆಯದೊಂದು ಪರೀಕ್ಷೆ. ಕೆರೆಯಲ್ಲಿ ಮುಳುಗಿರುವ ಮಂಟಪದ ಕಂಬದ ಬುಡದಲ್ಲಿ ಒಂದು ಕೆಂಪು ಇಟ್ಟಿಗೆ ಇಟ್ಟು ಬರುತ್ತೇನೆ. ಹೋಗಿ ತಾ ಎನ್ನುತ್ತೇನೆ. ಸಿಲಿಂಡರ್ ಮಾತ್ರ ಬೇಕೆಂದೇ ಪೂರ್ತಿ ತುಂಬಿಸಿರುವುದಿಲ್ಲ. ಇಳಿಯುವ ಮೊದಲೇ ಗಾಳಿಯ ಮೀಟರಿನ ಮುಳ್ಳು ನೋಡಿ ಒಲ್ಲೆ ಎಂದವನು ಪಾಸು. ಅರ್ಧ ದಾರಿಯಲ್ಲಿ ನೋಡಿ ಬರಿಗೈಲಿ ಬಂದವನೂ ಪಾಸು. ಇಟ್ಟಿಗೆ ತಂದವನು ನಪಾಸು. ಇದನ್ನು ಮುಚ್ಚಿಟ್ಟಿಲ್ಲ, ಊರಿಗೆಲ್ಲ ಗೊತ್ತು. ಗೊತ್ತಿದ್ದೂ ತರುತ್ತಾರೆ. ಮೆಟ್ಟಿಲ ಮೇಲೆ ಕೂತ ಸೋಮಾರಿಗಳು ಶಿಳ್ಳೆ ಹಾಕುತ್ತಾರಲ್ಲ, ಅದಕ್ಕೆ.

ನನ್ನ ಮಗಳು ತಾರಿಣಿ ಮದುವೆಯಾಗಲು ಒಪ್ಪಿದ ಪಾಲಾಕ್ಷ ಆ ಇಟ್ಟಿಗೆಯನ್ನು ಪ್ರತಿ ಸಲವೂ ತಂದವನು. ನನ್ನ ಮುಂದೆ ಧೊಪ್ಪನೆ ಇಟ್ಟು, ನಾನು ಯಾವತ್ತೂ ಸೋತಿಲ್ಲ ಅತ್ತೆ ಎನ್ನುತ್ತಿದ್ದ. ಸೋತೆ ಕಣಪ್ಪ ಎಂದರೆ ನಗುತ್ತಿದ್ದ. ಹುಡುಗ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸುಲಭವಿತ್ತು, ಬಾಗಿಲು ಹಾಕಿಕೊಳ್ಳುತ್ತಿದ್ದೆ. ಯಾರ ಧ್ವನಿ ಬೇಕಾದರೂ ಅನುಕರಿಸುತ್ತಿದ್ದ, ನನ್ನದನ್ನೂ. ತಾರಿಣಿ ಹೊಟ್ಟೆ ಹಿಡಿದುಕೊಂಡು ನಗುವುದು ಅಡುಗೆಮನೆಗೆ ಕೇಳುತ್ತಿತ್ತು. ಅಪ್ಪ ಸತ್ತ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಅದಕ್ಕೇ ಸುಮ್ಮನಿದ್ದೆ.

ಅವನ ಅಪ್ಪ ಕೋದಂಡಪ್ಪ ಬೆಲ್ಲದ ಮಂಡಿಯ ಯಜಮಾನರು, ಮೆಟ್ಟಿಲು ಸಮಿತಿಯ ಅಧ್ಯಕ್ಷರು. ಇಳಿಯಲು ಅಪ್ಪಣೆ ಕೊಡುವುದು ಈ ಸಮಿತಿ. ಅದರಲ್ಲಿರುವ ಒಬ್ಬರೂ ಮೂಗು ಮುಳುಗುವಷ್ಟು ನೀರು ಕಂಡವರಲ್ಲ. ಎಲ್ಲರ ಸೇರನ್ನೂ ಅವರ ಅಣ್ಣನೋ ಚಿಕ್ಕಪ್ಪನೋ ತಂದುಕೊಟ್ಟದ್ದು, ಹಳೆಯ ಕಾಲದಲ್ಲಿ ಅದಕ್ಕೆ ಅವಕಾಶವಿತ್ತಂತೆ. ಪಾಲಾಕ್ಷನಿಗೆ ನಾನು ಇನ್ನೂ ಆಗದು ಎಂದು ಹೇಳಿ ಕಳಿಸಿದ ಮಧ್ಯಾಹ್ನವೇ ಸಮಿತಿ ಅವನಿಗೆ ಹಾರ ಹಾಕಿ ಅಪ್ಪಣೆ ಕೊಟ್ಟಿತು.

ಇಳಿಯುವ ದಿನ ಬೆಳಿಗ್ಗೆ ನಾನು ಮರಿ ಸಿಲಿಂಡರನ್ನು ಒರೆಸಿ, ದಾರದ ಉಂಡೆಯ ಜೊತೆ ತೆಗೆದುಕೊಂಡು ಮೆಟ್ಟಿಲ ಬಳಿ ಹೋದೆ. ಪಾಲಾಕ್ಷ ಮೈಗೆ ಎಣ್ಣೆ ಹಚ್ಚಿಕೊಂಡು ತೋಳು ತಿರುವುತ್ತಿದ್ದ. ಸುತ್ತ ಅವನ ಗೆಳೆಯರು. ವಾಲಗದವರು ಆಗಲೇ ಬಂದು ಕೂತಿದ್ದರು.

"ಇದನ್ನ ಎದೆಗೆ ಕಟ್ಟಿಕೊ ಪಾಲಾಕ್ಷ" ಎಂದೆ.

ಅವನು ಅಪ್ಪನ ಮುಖ ನೋಡಿದ. ಕೋದಂಡಪ್ಪ ಶಲ್ಯ ಸರಿಮಾಡಿಕೊಂಡರು. "ನೋಡಮ್ಮ, ಎರಡು ಗಾಳಿ ಇಟ್ಕೊಂಡು ಇಳಿಯೋದು ಅಂದ್ರೆ ಇಬ್ಬರು ಇಳಿದ ಹಾಗೆ. ಕೆರೆ ಉಗುಳಿಬಿಟ್ರೆ ನಮ್ಮ ಮನೆತನ ಏನಾಗ್ಬೇಕು?"

"ಕೆರೆ ಸಿಲಿಂಡರ್ ಎಣಿಸಲ್ಲ ಸ್ವಾಮಿ. ಎರಡು ಕಟ್ಟಿಕೊಂಡು ನಾನೇ ಎಷ್ಟೋ ಸಲ ಇಳಿದು ಬಂದಿದೀನಿ, ನೀವೂ ನೋಡಿದೀರಿ."

"ನೀವು ಹೊರಗಿನೋರು. ನಿಮ್ಮನ್ನ ಅದು ಲೆಕ್ಕಕ್ಕೆ ಹಿಡಿದಿರಲ್ಲ."

ಮೀನು, ಆಮೆ, ಕಪ್ಪೆ, ಆಮೇಲೆ ನಾನು. ನಾನಿಲ್ಲಿಗೆ ಬಂದು ತಲೆ ನರೆತಿದೆ. ಉತ್ತರ ನಾಲಿಗೆಯ ತುದಿಗೆ ಬಂತು, ನಾಳೆ ಬೀಗರಾಗುವವರು ಎಂದು ನುಂಗಿಕೊಂಡೆ.

"ಹೋಗಲಿ, ದಾರನಾದ್ರೂ ತಗೊ" ಎಂದೆ ಹುಡುಗನಿಗೆ. "ಬಾಗಿಲಿಗೆ ಕಟ್ಟಿ ಒಳಗೆ ಹೋಗು. ಒಳಗೆ ಕೆಸರು ಎದ್ರೆ ನಿನ್ನ ಕೈ ನಿನಗೇ ಕಾಣಲ್ಲ."

"ನಮ್ಮನೆ ಒಳಗೆ ನಾನು ದಾರ ಹಿಡ್ಕೊಂಡು ಓಡಾಡಬೇಕಾ ಅತ್ತೆ?" ಎಂದ. ಗೆಳೆಯರು ಗೊಳ್ಳೆಂದು ನಕ್ಕರು. ಅವನು ಅವರಿಗಾಗಿ ನನ್ನ ಧ್ವನಿಯಲ್ಲೇ ಇನ್ನೊಮ್ಮೆ ಹೇಳಿದ, "ದಾರ ತಗೊ ಪಾಲಾಕ್ಷಾ, ಸ್ವೆಟರ್ ಹೆಣ್ಕೊಂಡು ಬಾ." ಚೆನ್ನಾಗಿಯೇ ಅನುಕರಿಸಿದ. ಮೇಲಿನ ಮೆಟ್ಟಿಲಲ್ಲಿ ಹೆಂಗಸರ ನಡುವೆ ಅರಿಶಿನ ಹಚ್ಚಿಸಿಕೊಂಡು ನಿಂತಿದ್ದ ತಾರಿಣಿ ಆ ಸಲ ನಗಲಿಲ್ಲ.

ಅವನು ಇಳಿದ. ವಾಲಗ ಮೊಳಗಿತು. ನಾನು ನೀರಿನ ಮೇಲಿನ ಗುಳ್ಳೆಗಳನ್ನೇ ನೋಡುತ್ತ ಕೂತೆ. ಕೆಳಗಿರುವವನ ಮನಸ್ಸನ್ನು ಗುಳ್ಳೆ ಹೇಳಿಬಿಡುತ್ತದೆ. ಮೊದಲು ಒಂದು ಗೊಂಚಲು, ಆಮೇಲೆ ಬಿಡುವು, ಮತ್ತೆ ಒಂದು ಗೊಂಚಲು, ಚೆನ್ನಾಗಿಯೇ ಉಸಿರಾಡುತ್ತಿದ್ದ. ಕೆಳಪೇಟೆಯ ಮೇಲೆ ಸಾಗಿ ಗುಳ್ಳೆಗಳು ಅವರ ಮನೆಯ ಮೇಲೆ ಒಂದೇ ಕಡೆ ಏಳತೊಡಗಿದವು. ಪಕ್ಕದಲ್ಲಿ ಕೋದಂಡಪ್ಪ ಯಾರಿಗೋ ನಾಳೆಯ ಹೋಳಿಗೆಯ ವಿಷಯ ಹೇಳುತ್ತಿದ್ದರು. ತುಪ್ಪ ಎಲ್ಲಿಂದ ತರಿಸಿದ್ದು, ಎಷ್ಟು ಘಮ, ಅದೆಲ್ಲ.

ಹಿಂತಿರುಗುವ ಹೊತ್ತು ಬಂತು. ಗುಳ್ಳೆಗಳು ಅಲ್ಲಿಂದ ಅಲ್ಲಾಡಲಿಲ್ಲ. ಆಮೇಲೆ ಬಿಡುವು ಕಡಿಮೆಯಾಯಿತು, ಗೊಂಚಲುಗಳು ಒಂದರ ಮೇಲೊಂದು ಬರತೊಡಗಿದವು. ಅದು ಹೆದರಿದವನ ಉಸಿರು. ಕೆಸರೆದ್ದಿದೆ, ಬಾಗಿಲು ಕಾಣುತ್ತಿಲ್ಲ, ಗೋಡೆಯಿಂದ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದಾನೆ ಎಂದು ನನಗೆ ಅಲ್ಲಿಂದಲೇ ಕಂಡಹಾಗಾಯಿತು.

"ಗಾಳಿ ಮುಗೀತಾ ಬಂತು. ಯಾರಾದ್ರೂ ಕಾಲಿಡಿ" ಎಂದೆ.

ಯಾರೂ ಅಲುಗಲಿಲ್ಲ. ನಾನೇ ಎದ್ದೆ. ಸಮಿತಿಯವರು ಇದನ್ನು ಮೊದಲೇ ಊಹಿಸಿದ್ದರು ಎಂದು ಕಾಣುತ್ತದೆ, ಇಬ್ಬರು ನನ್ನ ಎರಡೂ ರಟ್ಟೆ ಹಿಡಿದುಕೊಂಡರು. ಉಳಿದವರು ಕೆಳಗಿನ ಮೆಟ್ಟಿಲಿಗೆ ಅಡ್ಡವಾಗಿ ಸಾಲು ನಿಂತರು, ಬೆನ್ನು ನೀರಿಗೆ, ಮುಖ ನಮಗೆ. ಕಾಪಾಡಲು ಒಬ್ಬನೂ ಇಲ್ಲದ ಕಡೆ ತಡೆಯಲು ಎಷ್ಟೊಂದು ಜನ.

"ಕೋದಂಡಪ್ಪನೋರೆ, ಸಾಯ್ತಿರೋದು ನಿಮ್ಮ ಮಗ."

"ತಾಳಿ. ಬರ್ತಾನೆ" ಎಂದರು. ಶಲ್ಯದ ತುದಿ ಹಿಂಡುತ್ತಿದ್ದರು, ಆದರೂ ಹಾಗೆಯೇ ಎಂದರು. "ನಮ್ಮ ವಂಶದಲ್ಲಿ ಯಾರನ್ನೂ ಕೆರೆ ಉಗುಳಿಲ್ಲ."

ಅವರ ಹೆಂಡತಿ ಸುಭದ್ರಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯ ಕೆಂಪು ನೀರು ತುಳುಕಿ ಸೀರೆಯ ಮೇಲೆಲ್ಲ ಚೆಲ್ಲಿತು. ಒಂದು ಹೆಜ್ಜೆ ಮುಂದಿಟ್ಟರು, ಗಂಡ ತಿರುಗಿ ನೋಡಿದರು, ಹೆಜ್ಜೆ ಹಿಂದಕ್ಕೆ ಹೋಯಿತು.

ಗುಳ್ಳೆ ನಿಂತಿತು.

ಬಟ್ಟೆ ಒಗೆಯುವ ಕಲ್ಲುಗಳ ಕಡೆಯಿಂದ ನೀರು ಚಿಮ್ಮಿದ ಸದ್ದು ಕೇಳಿತು. ಎಲ್ಲರೂ ನನ್ನನ್ನು ಕಾಯುತ್ತಿದ್ದರಲ್ಲ, ಅರಿಶಿನ ಮೆತ್ತಿದ ಹುಡುಗಿಯನ್ನು ಯಾರೂ ನೋಡಿರಲಿಲ್ಲ. ಮೊಣಕಾಲು ಸಾಕಿತ್ತು, ಅವಳು ತಲೆಯವರೆಗೂ ಹಾರಿದ್ದಳು. ಮರುಗಳಿಗೆಯಲ್ಲಿ ತಾರಿಣಿ ಮತ್ತು ಪಾಲಾಕ್ಷ ನಮ್ಮ ಮುಂದೆ ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತಿದ್ದರು. ವಾಲಗದವರಿಗೆ ಏನೂ ಅರ್ಥವಾಗದೆ, ಗಂಡು ಮೇಲೆ ಬಂತಲ್ಲ ಎಂದು ಗಟ್ಟಿಮೇಳ ಬಾರಿಸಿಬಿಟ್ಟರು. ಯಾರೋ ಹೋಗಿ ಡೋಲಿನ ಮೇಲೆ ಕೈ ಇಟ್ಟು ನಿಲ್ಲಿಸಿದರು.

ಪಾಲಾಕ್ಷನ ತುಟಿ ನೀಲಿಯಾಗಿತ್ತು. ಕೊಳವೆ ಉಗುಳಿ, ಕೆಮ್ಮಿ, ಕೆಮ್ಮಿ, ಕಡೆಗೆ ಉಸಿರು ಎಳೆದುಕೊಂಡ. ನನ್ನನ್ನು ಹಿಡಿದಿದ್ದ ಕೈಗಳು ಸಡಿಲವಾದವು. ಓಡಿಹೋಗಿ ಅವನ ಸಿಲಿಂಡರಿನ ಮೀಟರ್ ನೋಡಿದೆ. ಮುಳ್ಳು ಕೆಳಗೆ ಮಲಗಿತ್ತು. ತಾರಿಣಿ ಅವನ ಬೆನ್ನು ಉಜ್ಜುತ್ತಿದ್ದಳು.

"ಯಾರು ಇಳಿದಿದ್ದು?" ಎಂದ ಅವನು. ಬದುಕಿ ಬಂದವನ ಮೊದಲ ಮಾತು ಅದು.

"ನಾನು" ಎಂದಳು.

"ಸೇರು ಕೈಯಲ್ಲಿತ್ತು ಕಣೇ. ಬಾಗಿಲು ಹುಡುಕ್ತಿದ್ದೆ, ಅಷ್ಟೆ. ಇನ್ನೊಂದು ಗಳಿಗೆ ತಡೆಯೋಕಾಗ್ಲಿಲ್ವಾ ನಿನಗೆ?"

ಬೆನ್ನು ಉಜ್ಜುತ್ತಿದ್ದ ಅವಳ ಕೈ ನಿಂತಿತು. ನನಗೆ ಅವನ ಕೆನ್ನೆಗೆ ಎರಡು ಬಿಗಿಯಬೇಕು ಎನಿಸಿತು. ಇನ್ನೊಂದು ಗಳಿಗೆಗೆ ಇವನನ್ನು ಹೊತ್ತುಕೊಂಡು ಹೋಗಲು ನಾಲ್ಕು ಜನ ಬೇಕಾಗುತ್ತಿತ್ತು.

ಸಮಿತಿ ಅಲ್ಲೇ ತಲೆಗೆ ತಲೆ ಸೇರಿಸಿ ಗುಸುಗುಸು ಮಾತಾಡಿತು. ಸಾಯುವವನ ವಿಷಯದಲ್ಲಿ ಓಡದ ಬುದ್ಧಿ ಮಾನದ ವಿಷಯ ಬಂದಾಗ ಹೇಗೆ ಓಡುತ್ತದೆ ಎಂದು ಅವತ್ತು ನೋಡಬೇಕಿತ್ತು. ಕೋದಂಡಪ್ಪ ಗಂಟಲು ಸರಿಮಾಡಿಕೊಂಡು ತಾರಿಣಿಯ ಮುಂದೆ ಬಂದರು. ಧ್ವನಿಯಲ್ಲಿ ಬೆಲ್ಲ.

"ಮಗೂ, ಪಾಚಿ ಕಟ್ಟಿದ ಕಲ್ಲು ಅದು. ಕಾಲು ಜಾರಿತು, ಅಲ್ವಾ? ಜಾರಿ ಬಿದ್ದಿದ್ದು ಲೆಕ್ಕಕ್ಕಿಲ್ಲ ಅಂತ ಹಿಂದಿನೋರೇ ಹೇಳಿದಾರೆ. ಜಾರಿತು ಅಂತ ಎಲ್ಲರಿಗೂ ಕೇಳೋ ಹಾಗೆ ಒಂದು ಮಾತು ಹೇಳು. ಸಂಜೆ ಇನ್ನೊಂದು ಸಿಲಿಂಡರ್ ತಗೊಂಡು ಇವನು ಇಳಿದು ತರ್ತಾನೆ. ನಾಳೆ ಮುಹೂರ್ತ ಹಾಗೇ ನಡೆಯುತ್ತೆ."

ಊರೆಲ್ಲ ಅವಳ ಬಾಯಿ ನೋಡುತ್ತಿತ್ತು. ಪಾಲಾಕ್ಷ ಅವಳ ಕೈ ಹಿಡಿದುಕೊಂಡ. "ಹೇಳೇ ತಾರಿಣಿ. ಒಂದು ಮಾತಿಗೆ ಏನಾಗುತ್ತೆ? ನಮ್ಮಿಬ್ಬರಿಗೋಸ್ಕರ."

ಹೇಳಿಬಿಡಲಿ ಎಂದು ಒಂದು ಕ್ಷಣ ನನಗೂ ಅನಿಸಿತು. ಹೇಳದಿದ್ದರೆ ಈ ಊರಿನಲ್ಲಿ ಅವಳಿಗೆ ಮದುವೆ ಎಂಬುದೇ ಇಲ್ಲ, ಪಂಕ್ತಿಯ ತುದಿಯ ಎಲೆಯೇ ಗತಿ. ಅವಳು ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ಅವಳಿಗೆ ಅವನು ಬೇಕಾಗಿದ್ದ. ಅದು ಅವಳ ಮುಖದಲ್ಲಿ ಅಷ್ಟು ಸ್ಪಷ್ಟವಾಗಿತ್ತು, ನೋಡಲು ನನಗೆ ಸಂಕಟವಾಯಿತು.

"ಸಂಜೆ ಇಳಿಯುವಾಗ ಮರಿ ಸಿಲಿಂಡರ್ ಕಟ್ಟಿಕೊಳ್ತೀಯಾ?" ಎಂದು ಕೇಳಿದಳು, ಅವನಿಗೆ ಮಾತ್ರ ಕೇಳುವಂತೆ. ಹತ್ತಿರವಿದ್ದ ನನಗೂ ಕೇಳಿತು.

ಅವನು ಅಪ್ಪನ ಕಡೆ ನೋಡಿದ.

ತಾರಿಣಿ ಕೈ ಬಿಡಿಸಿಕೊಂಡು ಎದ್ದು ನಿಂತಳು. ಅರಿಶಿನದ ನೀರು ಮೆಟ್ಟಿಲಿನ ಮೇಲೆ ಹರಿಯುತ್ತಿತ್ತು. "ಕಾಲು ಜಾರಲಿಲ್ಲ" ಎಂದಳು. ಕೂಗಲಿಲ್ಲ, ಆದರೂ ಮೇಲಿನ ಮೆಟ್ಟಿಲಿಗೂ ಮುಟ್ಟಿತು. "ಇವನು ಸಾಯ್ತಿದ್ದ. ನೀವೆಲ್ಲ ನೋಡ್ತಾ ನಿಂತಿದ್ರಿ. ನಾನು ಹಾರಿದೆ. ಅಮ್ಮಾ, ನಡಿ."

ಮನೆಗೆ ಬಂದ ಮೇಲೆ ಅತ್ತಳು. ಮೂರು ದಿನ ಅತ್ತಳು, ಅದನ್ನೇನೂ ಮುಚ್ಚಿಡುವುದಿಲ್ಲ. ನಾಲ್ಕನೇ ದಿನ ಎದ್ದು ತೊಟ್ಟಿ ತೊಳೆದಳು.

ಊರು ತನ್ನ ಕೆಲಸ ಮಾಡಿತು. ಅಂಗಡಿಯಲ್ಲಿ ಸಾಮಾನು ಕೊಡುವಾಗ ಕೈ ತಾಗದಂತೆ ಕೊಡುತ್ತಿದ್ದರು. ಪಾಲಾಕ್ಷ ಮಂಡಿಯ ಕಟ್ಟೆಯ ಮೇಲೆ ಕೂತು, ಬಾಗಿಲು ಆಗಲೇ ಸಿಕ್ಕಿತ್ತು, ಹುಡುಗಿ ಅವಸರ ಮಾಡಿದಳು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಕೇಳುವವರು ಹೌದು ಹೌದು ಎನ್ನುತ್ತಿದ್ದರು, ಹೆಣ್ಣು ಮಾತ್ರ ಯಾರೂ ಕೊಡಲಿಲ್ಲ. ಅವನ ಧ್ವನಿ ಅನುಕರಿಸುವ ಹುಡುಗರು ಈಗ ಹುಟ್ಟಿಕೊಂಡಿದ್ದಾರೆ ಎಂದು ಕೇಳಿದೆ.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲು ಯಾರೋ ಮೆಲ್ಲಗೆ ತಟ್ಟಿದರು. ತೆಗೆದರೆ ಕೋದಂಡಪ್ಪ. ಶಲ್ಯವನ್ನು ತಲೆಯ ಮೇಲೆ ಹೊದ್ದುಕೊಂಡಿದ್ದರು, ಬಿಸಿಲಿಗೆ ಎಂದುಕೊಳ್ಳಲು ಅವತ್ತು ಬಿಸಿಲಿರಲಿಲ್ಲ. ಒಳಗೆ ಬಂದು ಒರಳಿನ ಪಕ್ಕ ನಿಂತರು. ಕೂರಿ ಎಂದು ನಾನು ಹೇಳಲಿಲ್ಲ.

"ಚಿಕ್ಕವನು, ವಿರೂಪಾಕ್ಷ" ಎಂದರು. "ಪರ ಊರಿನ ಹೆಣ್ಣು ಗೊತ್ತಾಗಿದೆ. ಬರೋ ವಾರ ಇಳಿಯೋದಿದೆ."

"ಅವನು ನನ್ನ ಹತ್ತಿರ ಒಂದು ಪಾಠಕ್ಕೂ ಬಂದಿಲ್ಲವಲ್ಲ."

"ಸಮಿತಿ ಅಪ್ಪಣೆ ಕೊಟ್ಟಾಗಿದೆ. ಅದಕ್ಕಲ್ಲ ನಾನು ಬಂದಿದ್ದು." ಒರಳಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತರು. "ನಿಮ್ಮ ಮಗಳು ಅವತ್ತು ಸ್ವಲ್ಪ ಅಲ್ಲೇ, ಒಗೆಯೋ ಕಲ್ಲಿನ ಹತ್ತಿರ ಇದ್ರೆ. ಸುಮ್ಮನೆ. ಅಕಸ್ಮಾತ್ ಏನಾದ್ರೂ ಅಂದ್ರೆ. ಅವಳಿಗೆ ಹೇಗೂ ಇನ್ನು ಹೋಗೋ ಮಾನ ಏನೂ ಇಲ್ವಲ್ಲ."

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಹೇಳುವಂತಿಲ್ಲ. ಅಷ್ಟರಲ್ಲಿ ತಾರಿಣಿ ಒಳಗಿನಿಂದ ಬಂದಳು, ಕೈಯಲ್ಲಿ ಅಕ್ಕಿ ಆರಿಸುವ ಮೊರ. ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ಕೋಪ ಬಂದಂತೆ ಕಾಣಲಿಲ್ಲ.

"ವಿರೂಪಾಕ್ಷ ಇಳಿಯುವಾಗ ನೀವೆಲ್ಲಿರ್ತೀರಿ ಮಾವ?" ಎಂದು ಕೇಳಿದಳು.

"ನಾನಾ? ಅಲ್ಲೇ, ಕೆಳಗಿನ ಮೆಟ್ಟಿಲ ಮೇಲೆ. ಅಧ್ಯಕ್ಷನ ಜಾಗ ಅದು."

"ನೀರು ಅಲ್ಲಿಂದ ಎಷ್ಟು ದೂರ?"

ಅವರು ಶಲ್ಯವನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡರು.

"ಎರಡೇ ಮೆಟ್ಟಿಲು" ಎಂದಳು ತಾರಿಣಿ. "ಪಂಚೆ ಎತ್ತಿ ಕಟ್ಟಿಕೊಳ್ಳಿ, ಮೊಣಕಾಲು ಒದ್ದೆಯಾದ್ರೆ ಸಾಕು. ಮಗ ನಿಮ್ಮವನು."

ಅವರು ಒರಳಿನ ಅಂಚಿನಿಂದ ಕೈ ತೆಗೆದರು. ಆಮೇಲೆ ಹಿತ್ತಿಲ ಬಾಗಿಲ ಕಡೆಗೆ ಹೋಗಿ, ಹೊರಗೆ ಯಾರೂ ಇಲ್ಲವೇ ಎಂದು ಮೊದಲು ಇಣುಕಿ ನೋಡಿ, ಚಪ್ಪಲಿ ಮೆಟ್ಟಿಕೊಂಡರು.